ಓಟು ಎಲ್ಲಿ ಖರ್ಚಾಗುತ್ತದೆ: ಮಂಡ್ಯ ಜಿಲ್ಲಾ ಚುನಾವಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಚುನಾವಣಾಧಿಕಾರಿಗಳು,
ಮಂಡ್ಯ.

ವಿಷಯ: ಮತದಾರರಿಗೆ ಬುದ್ಧಿ ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಕಚೇರಿಗಳ ಕೌಂಟರ್ ಸರಿ ಮಾಡಿಸಿಕೊಡುವ ಬಗ್ಗೆ.

ಮಾನ್ಯರೇ,

ನಾನು ಈ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವವನು. ಜೊತೆಗೆ ಒಂದು ಜೆರಾಕ್ಸ್ ಮಷೀನು, ಒಂದು ಕಂಪ್ಯೂಟರು ಇದೆ. ಯಾವ ತಾಲ್ಲೂಕು ಅಂತ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ನನ್ನ ಕೈಬರಹದ ಅರ್ಜಿಗಳೆಲ್ಲ ಯಾವ ಕಟ್ಟಿನ ಅಡಿಗೆ ಹೋಗುತ್ತವೆ ಅಂತ ತಮಗೂ ಗೊತ್ತು.

ಪ್ರತಿ ವರ್ಷ ಜನವರಿ 25ಕ್ಕೆ ಮತದಾರರ ದಿನ ಮಾಡುತ್ತೀರಿ. ಶಾಲೆ ಮಕ್ಕಳು ಜಾಥಾ ಹೊರಡುತ್ತಾರೆ. ಕಚೇರಿ ಮುಂದೆ ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ತಗೊಳ್ಳುತ್ತಾರೆ. ಚುನಾವಣೆ ಹತ್ತಿರ ಬಂದರಂತೂ ಮತದಾರರ ಜಾಗೃತಿಗೆ ಇರುವ ಸ್ವೀಪ್ ಸಮಿತಿಯ ರಂಗೋಲಿ, ಬೈಕ್ ರ‍್ಯಾಲಿ, ಬೀದಿನಾಟಕ ಎಲ್ಲ ಶುರು. ಬೀದಿನಾಟಕದಲ್ಲಿ ಯಾವಾಗಲೂ ಒಬ್ಬ ಪೆದ್ದ ಇರುತ್ತಾನೆ. ಹಳ್ಳಿಯವನು, ಪಂಚೆ ಉಟ್ಟಿರುತ್ತಾನೆ, ಐನೂರು ರೂಪಾಯಿಗೆ ಓಟು ಮಾರಿಕೊಳ್ಳುತ್ತಾನೆ. ಕೊನೆಗೆ ಪ್ಯಾಂಟು ಹಾಕಿದವನೊಬ್ಬ ಬಂದು ಅವನ ಕಣ್ಣು ತೆರೆಸುತ್ತಾನೆ.

ಟೀವಿಯಲ್ಲಿ ಕೂತವರು ಇದನ್ನೇ ಇಸ್ತ್ರಿ ಹಾಕಿದ ಮಾತಿನಲ್ಲಿ ಹೇಳುತ್ತಾರೆ. ಮಂಡ್ಯದವರು ಭಾವುಕರು, ತಮಗೆ ಏನು ಒಳ್ಳೆಯದು ಅಂತ ತಿಳಿಯದೆ ಓಟು ಹಾಕುತ್ತಾರೆ ಅಂತ. ಕಬ್ಬಿಗೆ ಬೆಲೆ ಇಲ್ಲ, ನಾಲೆಯಲ್ಲಿ ನೀರಿಲ್ಲ, ಆದರೂ ಅದೇ ಮುಖಗಳನ್ನು ಗೆಲ್ಲಿಸುತ್ತಾರಲ್ಲ, ಇವರಿಗೇನು ತಲೆ ಕೆಟ್ಟಿದೆಯಾ ಅಂತ.

ಪ್ರಶ್ನೆ ಸುಳ್ಳಲ್ಲ. ನಾನೂ ಕೇಳಿಕೊಳ್ಳುತ್ತೇನೆ. ಆದರೆ ಉತ್ತರ ಹುಡುಕುವ ಜಾಗ ತಪ್ಪಿದೆ ಅಂತ ನನ್ನ ಅನಿಸಿಕೆ. ಅದಕ್ಕೇ ಈ ಪತ್ರ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಬಿಡೋಣ. ಮಂಡ್ಯದವರು ಕಣ್ಣುಮುಚ್ಚಿ ಒಂದೇ ಗುರುತಿಗೆ ಒತ್ತುತ್ತಾರೆ ಅನ್ನುವುದು ಶುದ್ಧ ಸುಳ್ಳು. 2018ರ ವಿಧಾನಸಭೆ ಚುನಾವಣೆಯಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್‌ಗೆ ಬಂದವು. ಮಾರನೇ ವರ್ಷವೇ ಲೋಕಸಭೆಗೆ ಅದೇ ಪಕ್ಷದ ಮುಖ್ಯಮಂತ್ರಿಯ ಮಗ ನಿಂತರು. ಕಾಂಗ್ರೆಸ್ಸೂ ಮೈತ್ರಿಯಲ್ಲಿತ್ತು. ಜನ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು 1.25 ಲಕ್ಷ ಓಟಿನ ಅಂತರದಲ್ಲಿ ಗೆಲ್ಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೆ.ಆರ್. ಪೇಟೆ ಉಪಚುನಾವಣೆಯಲ್ಲಿ ಬಿಜೆಪಿ ಗೆದ್ದಿತು. 2023ರಲ್ಲಿ ಜೆಡಿಎಸ್‌ಗೆ ಉಳಿದದ್ದು ಆ ಕೆ.ಆರ್. ಪೇಟೆ ಒಂದೇ. ಐದು ಕಾಂಗ್ರೆಸ್‌ಗೆ, ಮೇಲುಕೋಟೆ ರೈತಸಂಘದವರಿಗೆ. ಮತ್ತೆ 2024ರಲ್ಲಿ ಲೋಕಸಭೆಗೆ ಜೆಡಿಎಸ್‌ನ ಕುಮಾರಸ್ವಾಮಿ ಅವರು ನಿಂತಾಗ 2.84 ಲಕ್ಷದ ಅಂತರದ ಗೆಲುವು. ಆರು ವರ್ಷದಲ್ಲಿ ಇಷ್ಟು ಸಲ ಮಗ್ಗಲು ಬದಲಿಸಿದ ಜನರನ್ನು ಕುರಿಮಂದೆ ಅನ್ನುವವರು ಕುರಿಯನ್ನೂ ನೋಡಿಲ್ಲ, ಮಂಡ್ಯವನ್ನೂ ನೋಡಿಲ್ಲ.

ಓಟು ಹಾಕುವುದಕ್ಕೆ ಸೋಮಾರಿತನ ಅನ್ನುವಂತೆಯೂ ಇಲ್ಲ. 2024ರಲ್ಲಿ ನಮ್ಮ ಕ್ಷೇತ್ರದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಜನ ಬೂತಿಗೆ ಬಂದರು. ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ಹಾಗಿರುವಾಗ ಬೀದಿನಾಟಕ ಎಲ್ಲಿ ಆಡಿಸಬೇಕು ಅಂತ ತಾವೇ ಹೇಳಿ.

ತಮ್ಮ ಹಿತ ಬಿಟ್ಟು ಓಟು ಹಾಕುತ್ತಾರೆ ಅನ್ನುವ ದೂರು ಬೇರೆ ದೇಶಗಳಲ್ಲೂ ಇದೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬಡವರ ಸರ್ಕಾರಿ ಆರೋಗ್ಯ ವಿಮೆಯನ್ನು ವಿಸ್ತರಿಸಿ ಸುಮಾರು 4 ಲಕ್ಷ ಜನಕ್ಕೆ ಕೊಟ್ಟಿದ್ದರು. 2015ರಲ್ಲಿ ಅದನ್ನು ವಿರೋಧಿಸಿದ ಮ್ಯಾಟ್ ಬೆವಿನ್ ಅನ್ನುವವರೇ ಅಲ್ಲಿ ಗವರ್ನರ್ ಆದರು. ಎಲ್ಲರೂ ತಲೆ ಚಚ್ಚಿಕೊಂಡರು. ಆಮೇಲೆ ನೋಡಿದರೆ ಆ ಚುನಾವಣೆಯಲ್ಲಿ ಓಟು ಹಾಕಿದ್ದೇ ನೂರಕ್ಕೆ ಮೂವತ್ತರಷ್ಟು ಜನ. ವಿಮೆ ಸಿಕ್ಕ ಬಡವರಲ್ಲಿ ಬಹಳ ಮಂದಿ ಮನೆಯಲ್ಲೇ ಉಳಿದಿದ್ದರು. ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದು, 'ನಾವು ದುಡಿದು ತಿನ್ನುತ್ತೇವೆ, ಅವರಿಗೆ ಯಾಕೆ ಪುಕ್ಕಟೆ' ಅಂತ ಉರಿದುಕೊಂಡವರು ಹೋಗಿ ಓಟು ಹಾಕಿದ್ದರು. ಅಂದರೆ ಲಾಭ ಪಡೆದವರು ಬೇರೆ, ಓಟು ಹಾಕಿದವರು ಬೇರೆ.

ಆ ವಿವರಣೆ ನಮಗೆ ಹೊಂದುವುದಿಲ್ಲ. ನಮ್ಮಲ್ಲಿ ಬೂತಿನ ಮುಂದೆ ಬೆಳಗ್ಗೆ ಏಳಕ್ಕೆ ಮೊದಲೇ ಸಾಲು ನಿಲ್ಲುವವರೇ ಕೂಲಿಯವರು, ಅರ್ಧ ಎಕರೆ ಗದ್ದೆಯವರು, ವಿಧವಾ ವೇತನದ ಅಮ್ಮಂದಿರು. ಲಾಭ ನಷ್ಟ ಎರಡೂ ಅವರದ್ದೇ, ಓಟೂ ಅವರದ್ದೇ.

ಹಾಗಾದರೆ ಆ ಓಟನ್ನು ಅವರು ಯಾವುದಕ್ಕೆ ಖರ್ಚು ಮಾಡುತ್ತಾರೆ? ನನ್ನ ಮೇಜಿನ ಮೇಲೆ ಬರುವ ಕಾಗದ ನೋಡಿದರೆ ಗೊತ್ತಾಗುತ್ತದೆ.

ಅಪ್ಪ ಸತ್ತಿದ್ದಾನೆ, ಜಮೀನು ಇನ್ನೂ ಅವನ ಹೆಸರಿನಲ್ಲೇ ಇದೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಆಗಬೇಕು. ಖಾತೆ ಆಗದೆ ಸೊಸೈಟಿಯಲ್ಲಿ ಬೆಳೆಸಾಲ ಇಲ್ಲ. ಅಣ್ಣತಮ್ಮಂದಿರು ಭಾಗ ಆಗಿದ್ದಾರೆ, ಜಮೀನು ಅಳೆದು ಬೇರೆ ಮಾಡುವ ಪೋಡಿ ಆಗಿಲ್ಲ, ಸರ್ವೆಯವರು ಬರುತ್ತೇವೆ ಅಂದವರು ಬಂದಿಲ್ಲ. ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ, ಆಧಾರಿನಲ್ಲಿ ಬೇರೆ ಇದೆ, ಎರಡೂ ತಾಳೆ ಆಗದೆ ಹಣ ಬರುತ್ತಿಲ್ಲ. ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ ನಿಂತುಹೋಗಿದೆ, ಯಾಕೆ ಅಂತ ಹೇಳುವವರಿಲ್ಲ. ಇದರಲ್ಲಿ ಯಾವುದೂ ದೊಡ್ಡ ವಿಷಯ ಅಲ್ಲ. ಯಾವ ಪ್ರಣಾಳಿಕೆಯಲ್ಲೂ ಬರುವುದಿಲ್ಲ. ಆದರೆ ಒಂದು ಮನೆಗೆ ಇಡೀ ವರ್ಷದ ತಲೆನೋವು ಅಂದರೆ ಇದೇ.

ಕಾನೂನಿನ ಪ್ರಕಾರ ಇದಕ್ಕೆಲ್ಲ ದಿನ ಗೊತ್ತು ಮಾಡಿದೆ. ಸಕಾಲ ಕಾಯ್ದೆ 2011ರದ್ದು, 2012ರಿಂದ ಜಾರಿಯಲ್ಲಿದೆ. ಅರ್ಜಿಗೆ ಒಂದು ನಂಬರ್ ಕೊಡಬೇಕು, ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಬಹಳ ಒಳ್ಳೆಯ ಕಾಯ್ದೆ. ಆ ಪರಿಹಾರ ಕೇಳಿ ನನ್ನ ಹತ್ತಿರ ಅರ್ಜಿ ಬರೆಸಿದವರು ಮಾತ್ರ ಇಲ್ಲವೇ ಇಲ್ಲ ಅನ್ನಬಹುದು. ನಾನೇ ಹೇಳಿದರೂ ಬೇಡ ಅನ್ನುತ್ತಾರೆ. 'ಐನೂರು ರೂಪಾಯಿಗೋಸ್ಕರ ಅವ್ರ ಕಣ್ಗೆ ಬೀಳದಾ? ನಾಳೆ ಮತ್ತೆ ಅದೇ ಟೇಬಲ್ ಮುಂದೆ ನಿಂತ್ಕಬೇಕಲ್ವಾ ಸಾಮಿ' ಅಂದರು ಒಬ್ಬರು ಯಜಮಾನರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎದುರಿಗೆ ಕೂತವರ ಮೇಲೆ ದೂರು ಕೊಟ್ಟು ಮತ್ತೆ ಅವರ ಹತ್ತಿರವೇ ಕೈಯೊಡ್ಡಬೇಕು ಅಂದರೆ ಯಾರು ದೂರು ಕೊಡುತ್ತಾರೆ?

ಅದರ ಬದಲು ಇನ್ನೊಂದು ದಾರಿ ಇದೆ. ಊರಲ್ಲಿ ಎಮ್ಮೆಲ್ಲೆ ಕಡೆಯ ಹುಡುಗ ಒಬ್ಬ ಇರುತ್ತಾನೆ. ಅವನಿಗೆ ಹೇಳಿದರೆ ಅವನು ಫೋನ್ ಮಾಡುತ್ತಾನೆ. ಇಲ್ಲವೇ ಸೋಮವಾರ ಬೆಳಗ್ಗೆ ಸಾಹೇಬರ ಮನೆ ಮುಂದೆ ನಿಂತರೆ ಒಂದು ಲೆಟರ್‌ಹೆಡ್ ಮೇಲೆ 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು' ಅಂತ ಬರೆದು ಸಹಿ ಹಾಕಿಕೊಡುತ್ತಾರೆ. ಆ ಒಂದು ಸಾಲಿಗೆ ಸಕಾಲ ನಂಬರಿಗಿಂತ ಜಾಸ್ತಿ ಶಕ್ತಿ ಇದೆ. ಇದು ನಾನು ಕಟ್ಟಿದ ಮಾತಲ್ಲ. ಲೆಟರ್ ಇದ್ದ ಫೈಲು, ಲೆಟರ್ ಇಲ್ಲದ ಫೈಲು ಎರಡೂ ಎಷ್ಟು ದಿನಕ್ಕೆ ಹೊರಗೆ ಬಂದವು ಅಂತ ತಾವೇ ಒಂದು ಸಲ ತೆಗೆಸಿ ನೋಡಿ.

ಇದೆಲ್ಲ ಬಾಯಿಮಾತಿನ ಏರ್ಪಾಡು ಅಂದುಕೊಳ್ಳಬೇಡಿ. ಕೆಲವು ಕಡೆ ನಿಯಮವೇ ಹಾಗಿದೆ. ಬಗರ್‌ಹುಕುಂ ಜಮೀನಿಗೆ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿಗೆ, ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕೂತವರಿದ್ದಾರೆ. ಆ ಅರ್ಜಿ ತೀರ್ಮಾನ ಮಾಡುವ ಸಮಿತಿಗೆ ಅಧ್ಯಕ್ಷರು ಯಾರು? ಕ್ಷೇತ್ರದ ಶಾಸಕರು. ಗಂಗಾ ಕಲ್ಯಾಣದಲ್ಲಿ ಯಾರ ಹೊಲಕ್ಕೆ ಕೊಳವೆ ಬಾವಿ ಅಂತ ಪಟ್ಟಿ ಮಾಡುವ ಸಮಿತಿಗೆ ಅಧ್ಯಕ್ಷರು ಯಾರು? ಅವರೇ. ಎರಡು ಎಕರೆ ಜಮೀನು ಸಕ್ರಮ ಆಗುವುದು ಯಾರ ಕೈಯಲ್ಲಿದೆಯೋ ಅವರನ್ನು ನೋಡಿ ಓಟು ಹಾಕುವವನು ತನ್ನ ಹಿತಕ್ಕೆ ವಿರುದ್ಧ ಹೋಗುತ್ತಿದ್ದಾನಾ? ಅವನಷ್ಟು ಲೆಕ್ಕಾಚಾರದವನು ಇನ್ನೊಬ್ಬನಿಲ್ಲ.

ಇನ್ನೊಂದು ಹೇಳಬೇಕು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಇದು ತಮ್ಮ ಕೈಯಲ್ಲಿರುವುದಲ್ಲ, ಗೊತ್ತು. ಆದರೆ ಪರಿಣಾಮ ನೋಡಿ. ಶಾಲೆ ಕೊಠಡಿ, ಕುಡಿಯುವ ನೀರು, ಊರ ರಸ್ತೆ ಅಂತ ಹತ್ತಿರದಲ್ಲೇ ಹಿಡಿದು ಕೇಳಬಹುದಾದ ಸದಸ್ಯರೇ ಇಲ್ಲದೆ ಹೋದಾಗ ಎಲ್ಲ ಭಾರವೂ ಒಬ್ಬ ಎಮ್ಮೆಲ್ಲೆ ಮನೆ ಬಾಗಿಲಿಗೆ ಹೋಯಿತು. ಐದು ವರ್ಷಕ್ಕೊಮ್ಮೆ ಬರುವ ಒಂದೇ ಒಂದು ಓಟಿನಲ್ಲಿ ಚರಂಡಿಯೂ ಬರಬೇಕು, ಕಾವೇರಿಯೂ ಬರಬೇಕು. ಅಂಥ ಕಡೆ ಚರಂಡಿಯೇ ಗೆಲ್ಲುತ್ತದೆ.

ಈಗ ಗುಟ್ಟಿನ ಮತದಾನದ ವಿಷಯಕ್ಕೆ ಬರುತ್ತೇನೆ. ಇದು ನೇರವಾಗಿ ಚುನಾವಣಾಧಿಕಾರಿಗಳಾದ ತಮಗೇ ಸಂಬಂಧಪಟ್ಟದ್ದು.

'ನಿಮ್ಮ ಮತ ಗೌಪ್ಯ' ಅಂತ ಬ್ಯಾನರ್ ಕಟ್ಟುತ್ತೀರಿ. ನನ್ನ ಒಬ್ಬನ ಓಟು ಗೌಪ್ಯ, ನಿಜ. ನನ್ನ ಊರಿನ ಓಟು ಗೌಪ್ಯ ಅಲ್ಲ. ಎಣಿಕೆ ಮುಗಿದ ಮೇಲೆ ನಮೂನೆ 20ರಲ್ಲಿ ಬೂತಿನ ಲೆಕ್ಕ ಪೂರ್ತಿ ಬರುತ್ತದೆ, ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ. ಅದನ್ನು ವೆಬ್‌ಸೈಟಿನಲ್ಲೂ ಹಾಕುತ್ತೀರಿ. ಚುನಾವಣೆ ಆದ ಮೇಲೆ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಜೆರಾಕ್ಸ್ ಆಗುವ ಕಾಗದ ಅದೇ. ಎಲ್ಲ ಪಕ್ಷದವರೂ ಬಂದು ಮಾಡಿಸುತ್ತಾರೆ. ಒಂದು ಬೂತಿಗೆ ಸಾವಿರ, ಸಾವಿರದಿನ್ನೂರು ಓಟು. ಬಹಳ ಕಡೆ ಒಂದು ಬೂತು ಅಂದರೆ ಒಂದು ಊರು. ಕೆಲವು ಕಡೆ ಎರಡು ಕೇರಿ. ಆಮೇಲೆ ಆ ಕಾಗದ ಹಿಡಿದು, 'ನಿಮ್ಮೂರಲ್ಲಿ ನಮಗೆ ಬಂದಿರೋದು ನೂರಾ ನಲವತ್ತು, ರಸ್ತೆ ಕೇಳೋಕೆ ಯಾವ ಮುಖ ಇಟ್ಕೊಂಡು ಬಂದ್ರಿ' ಅಂದರೆ ಊರಿನವರು ಏನು ಹೇಳಬೇಕು?

ಹೀಗಾಗಿ ಊರಿನ ಹಿರಿಯರು ಚುನಾವಣೆಗೆ ಎರಡು ದಿನ ಮುಂಚೆ ದೇವಸ್ಥಾನದ ಜಗುಲಿಯಲ್ಲಿ ಕೂತು ಮಾತಾಡುತ್ತಾರೆ. ಯಾರು ಒಳ್ಳೆಯವರು ಅನ್ನುವ ಚರ್ಚೆ ಕಡಿಮೆ, ಯಾರು ಗೆಲ್ಲುತ್ತಾರೆ ಅನ್ನುವುದೇ ಜಾಸ್ತಿ. ಗೆಲ್ಲುವವರ ಕಡೆ ಊರು ಕಾಣಿಸಿಕೊಳ್ಳಬೇಕು. ಹೊರಗಿನಿಂದ ನೋಡುವವರಿಗೆ ಇದು ಗುಂಪಿನ ಹಿಂದೆ ಹೋಗುವುದು ಅನಿಸುತ್ತದೆ. ಒಳಗೆ ಇರುವವರಿಗೆ ಇದು ಊರಿಗೆ ವಿಮೆ ಮಾಡಿಸಿದ ಹಾಗೆ. ಊರಿನ ದಲಿತ ಕೇರಿಯವರಿಗೆ, ಹತ್ತು ಹದಿನೈದು ಮನೆಯ ಸಣ್ಣ ಜಾತಿಯವರಿಗೆ ಇನ್ನೂ ಕಷ್ಟ. ಅವರ ಬೂತೇ ಬೇರೆ ಆಗಿದ್ದರೆ ಯಾರಿಗೆ ಹಾಕಿದರು ಅಂತ ಎಣಿಕೆಯ ದಿನ ಮಧ್ಯಾಹ್ನಕ್ಕೇ ಊರಿಗೆ ಗೊತ್ತಾಗುತ್ತದೆ. ಮಾರನೇ ದಿನ ಕೂಲಿಗೆ ಕರೆಯುವವರು ಇದೇ ಊರಿನವರು ತಾನೇ?

ಹಿಂದೆ ಮತಪತ್ರ ಇದ್ದ ಕಾಲದಲ್ಲಿ ಹಲವು ಬೂತಿನ ಪತ್ರಗಳನ್ನು ಕಲಸಿ ಎಣಿಸಲು ನಿಯಮದಲ್ಲಿ ಅವಕಾಶ ಇತ್ತು. ಮಷೀನು ಬಂದ ಮೇಲೆ ಅದು ಹೋಯಿತು. 2008ರಲ್ಲಿ ಚುನಾವಣಾ ಆಯೋಗವೇ 'ಟೋಟಲೈಸರ್' ಅನ್ನುವ ಯಂತ್ರದ ಪ್ರಸ್ತಾಪ ಇಟ್ಟಿತು. 14 ಬೂತಿನ ಮಷೀನುಗಳನ್ನು ಒಟ್ಟಿಗೆ ಜೋಡಿಸಿ, ಒಟ್ಟು ಮೊತ್ತ ಮಾತ್ರ ತೋರಿಸುವ ಯಂತ್ರ. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಇದು ಬೇಕು ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತಿನ ಲೆಕ್ಕ ಗೊತ್ತಾದರೆ ಪಕ್ಷಗಳಿಗೆ ಎಲ್ಲಿ ಕೆಲಸ ಮಾಡಬೇಕು ಅಂತ ತಿಳಿಯುತ್ತದಂತೆ. ತಿಳಿಯುತ್ತದೆ, ತಿಳಿಯುತ್ತದೆ. ಎಲ್ಲಿ ಕೆಲಸ ಮಾಡಬಾರದು ಅಂತಲೂ ತಿಳಿಯುತ್ತದೆ.

ಜಾತಿ ಬಗ್ಗೆ ಬರೆಯದಿದ್ದರೆ ಪತ್ರ ಅರ್ಧ ಅನ್ನುತ್ತಾರೆ, ಆದರೆ ನನಗೆ ಹೇಳುವುದು ಹೆಚ್ಚೇನಿಲ್ಲ. ಮಳವಳ್ಳಿ ಮೀಸಲು ಕ್ಷೇತ್ರ. ಅದು ಬಿಟ್ಟರೆ ಉಳಿದ ಆರರಲ್ಲಿ ಮುಖ್ಯ ಪಕ್ಷಗಳು ಸಾಮಾನ್ಯವಾಗಿ ಒಕ್ಕಲಿಗರಿಗೇ ಟಿಕೆಟ್ ಕೊಡುತ್ತವೆ. ಇಬ್ಬರೂ ಅದೇ ಜಾತಿ ಆದಾಗ ಜಾತಿ ನೋಡಿ ಓಟು ಹಾಕಿದರು ಅಂದರೆ ಅರ್ಥ ಏನು? ಜಾತಿ ಕೆಲಸ ಮಾಡುವುದು ಟಿಕೆಟ್ ಕೊಡುವ ಮನೆಯಲ್ಲಿ. ನಮ್ಮ ಬೂತಿಗೆ ಬರುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿಕೊಂಡು ಬಂದಿರುತ್ತದೆ.

ದುಡ್ಡಿನದ್ದೂ ಅಷ್ಟೇ. ಹಂಚುತ್ತಾರೆ, ತಗೊಳ್ಳುತ್ತಾರೆ. ಕೊಡುವುದೂ ತಗೊಳ್ಳುವುದೂ ಎರಡೂ ಅಪರಾಧ, ನಾನು ಸಮರ್ಥನೆ ಮಾಡುವುದಿಲ್ಲ. ಆದರೆ ಎಲ್ಲ ಪಕ್ಷದವರೂ ಕೊಟ್ಟಾಗ ಎಲ್ಲರ ಹತ್ತಿರವೂ ತಗೊಂಡು ಒಬ್ಬರಿಗೆ ತಾನೇ ಓಟು ಹಾಕುವುದು? ಹಾಗಾಗಿ ದುಡ್ಡು ಓಟನ್ನು ಕೊಂಡುಕೊಂಡಿತು ಅನ್ನುವುದು ಪೂರ್ತಿ ಸರಿಯಲ್ಲ. ದುಡ್ಡು ಇನ್ನೊಂದು ಮಾಡುತ್ತದೆ. ಕ್ಯಾಂಡಿಡೇಟು ಗಟ್ಟಿ ಕುಳ ಹೌದೋ ಅಲ್ಲವೋ ಅಂತ ತೋರಿಸುತ್ತದೆ. 'ಎಲೆಕ್ಷನ್ನಲ್ಲೇ ಬಿಚ್ಚದೋನು ನಾಳೆ ನಮ್ ಪರವಾಗಿ ಆಫೀಸಿಗೆ ಫೋನ್ ಮಾಡ್ತಾನಾ' ಅನ್ನುವ ಯೋಚನೆ. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ ರೂಪಾಯಿ ಅಂತ ಕಾಗದದಲ್ಲಿದೆ. ಇದನ್ನು ಹಳ್ಳಿಯಲ್ಲಿ ಹೇಳಿದರೆ ಜನ ನಗುತ್ತಾರೆ. ನಕ್ಕು ಸುಮ್ಮನಾಗುತ್ತಾರೆ, ಆ ಖರ್ಚನ್ನು ಆಮೇಲೆ ಯಾರ ಬಿಲ್ಲಿನಲ್ಲಿ ಸೇರಿಸುತ್ತಾರೆ ಅಂತ ಕೇಳುವುದಿಲ್ಲ. ಅದೊಂದು ನಮ್ಮವರ ಮೇಲೆ ನನಗಿರುವ ಸಿಟ್ಟು.

ಈಗ ಕಬ್ಬಿನ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ಹಿತ ಅಂದಾಗ ಎಲ್ಲರೂ ಮೊದಲು ತೋರಿಸುವುದು ಇದನ್ನೇ.

ಮಂಡ್ಯ ರೈತಸಂಘದ ನೆಲ. ಕಬ್ಬಿನ ಬಾಕಿಗೆ, ಕಾವೇರಿಗೆ, ಭತ್ತದ ಬೆಲೆಗೆ ವಿಶ್ವೇಶ್ವರಯ್ಯ ಪ್ರತಿಮೆ ಮುಂದೆ ಕೂತವರು, ಬೆಂಗಳೂರು ಮೈಸೂರು ಹೆದ್ದಾರಿ ತಡೆದವರು ಸಾವಿರಾರು ಜನ. ಹೆಗಲ ಮೇಲೆ ಹಸಿರು ಶಾಲು. ಅದೇ ಜನ ಓಟಿನ ದಿನ ಶಾಲು ಮನೆಯಲ್ಲಿ ಗೂಟಕ್ಕೆ ಹಾಕಿ ಹೋಗುತ್ತಾರೆ. ಹೋರಾಟಕ್ಕೆ ಸಂಘ, ಓಟಿಗೆ ಪಾರ್ಟಿ. ರೈತಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅಂಥವರು 1994ರಲ್ಲಿ ಪಾಂಡವಪುರದಿಂದ ಗೆದ್ದರು. ಮತ್ತೆ ವಿಧಾನಸೌಧದ ಮೆಟ್ಟಿಲು ಹತ್ತಲು 2013ರ ತನಕ ಕಾಯಬೇಕಾಯಿತು. ಅಷ್ಟು ದೊಡ್ಡ ಮಾತುಗಾರ, ಅಷ್ಟು ಪ್ರೀತಿಸುವ ಜನ. ಆದರೂ ಯಾಕೆ?

ನನಗೆ ತಿಳಿದ ಮಟ್ಟಿಗೆ ಕಾರಣ ಇದು. ಕಬ್ಬಿನ ಬೆಲೆ ಎಮ್ಮೆಲ್ಲೆ ಕೈಯಲ್ಲಿಲ್ಲ ಅಂತ ರೈತನಿಗೆ ಗೊತ್ತು. ಎಫ್‌ಆರ್‌ಪಿ ಅನ್ನುವ ಕನಿಷ್ಠ ಬೆಲೆ ದಿಲ್ಲಿಯಲ್ಲಿ ನಿಗದಿ ಆಗುತ್ತದೆ. 2025-26ರ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಎಷ್ಟು ಬಂತು ಅಂತ ಕಾರ್ಖಾನೆ ಹೇಳುತ್ತದೆ, ತೂಕ ಕಾರ್ಖಾನೆಯ ತೂಕದ ಯಂತ್ರದ ಮೇಲೆ ಆಗುತ್ತದೆ. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬಡ್ಡಿ ಕಂಡ ರೈತರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಕಾವೇರಿಯೂ ಹಾಗೇ. 2018ರ ಸುಪ್ರೀಂ ಕೋರ್ಟ್ ತೀರ್ಪು, ಅದಾದ ಮೇಲೆ ಬಂದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಇವೆಲ್ಲ ನಮ್ಮ ಓಟು ಮುಟ್ಟದ ಜಾಗದಲ್ಲಿವೆ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಒಂದು ಹನಿ ಬಿಡಬೇಡಿ ಅನ್ನುತ್ತಾರೆ, ಕುರ್ಚಿಗೆ ಬಂದ ಮೇಲೆ ಎಲ್ಲರೂ ಬಿಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆದಾಗ ಬೈದವರೂ ಬೈಸಿಕೊಂಡವರೂ ಹಿಂದೆ ಜಾಗ ಅದಲುಬದಲು ಮಾಡಿಕೊಂಡವರೇ.

ಮೈಶುಗರ್ ನೋಡಿ. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ, ಈ ಊರನ್ನು ಊರು ಮಾಡಿದ್ದೇ ಅದು. ವರ್ಷಗಟ್ಟಲೆ ನಿಂತಿತ್ತು, 2022ರಲ್ಲಿ ಮತ್ತೆ ಶುರುವಾಯಿತು. ಪ್ರತಿ ಚುನಾವಣೆಯಲ್ಲೂ ಪ್ರತಿಯೊಬ್ಬ ಅಭ್ಯರ್ಥಿಯೂ ಮೈಶುಗರ್ ಉಳಿಸುತ್ತೇನೆ ಅಂದರು. ಉಳಿಸುವುದಿಲ್ಲ ಅಂದವರು ಒಬ್ಬರೂ ಇಲ್ಲ. ಎಲ್ಲರೂ ಒಂದೇ ಮಾತು ಹೇಳಿದ ವಿಷಯದ ಮೇಲೆ ಓಟು ಹಾಕಿ ಆರಿಸುವುದಾದರೂ ಯಾರನ್ನು?

ಹಾಗಾಗಿ ರೈತ ತನ್ನ ಹಿತವನ್ನು ಎರಡು ಭಾಗ ಮಾಡಿಕೊಂಡಿದ್ದಾನೆ. ಬೆಲೆಗೆ ಬೀದಿ, ಖಾತೆಗೆ ಓಟು. ನಾಲೆಯ ಕೊನೇ ಭಾಗದ ರೈತನಿಗೆ ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ಲೆಕ್ಕಕ್ಕಿಂತ ತನ್ನ ತೂಬಿಗೆ ಈ ವಾರ ನೀರು ಬರುತ್ತದಾ ಅನ್ನುವುದು ಮುಖ್ಯ. ಅದಕ್ಕೆ ನೀರುಗಂಟಿಗೆ ಹೇಳಬೇಕು, ನೀರುಗಂಟಿ ಕೇಳದಿದ್ದರೆ ಇಂಜಿನಿಯರಿಗೆ ಹೇಳಿಸಬೇಕು. ಹೇಳಿಸುವವರು ಯಾರು? ಮತ್ತೆ ಅದೇ ಲೆಟರ್‌ಹೆಡ್.

ಇದರಲ್ಲಿ ನಷ್ಟ ಇಲ್ಲವಾ? ಇದೆ. ಬಹಳ ಇದೆ. ಖಾತೆ ಮಾಡಿಸಿಕೊಟ್ಟವರನ್ನು ಕಬ್ಬಿನ ಬಾಕಿ ಬಗ್ಗೆ ಗಟ್ಟಿಯಾಗಿ ಕೇಳಲು ಬಾಯಿ ಬರುವುದಿಲ್ಲ. ದಾಕ್ಷಿಣ್ಯ. ಮದುವೆಗೆ ಬಂದಿದ್ದರು, ಸಾವಿಗೆ ಬಂದಿದ್ದರು, ಮಗನ ಆಪರೇಷನ್‌ಗೆ ಆಸ್ಪತ್ರೆಗೆ ಫೋನ್ ಮಾಡಿದ್ದರು. 2015ರಲ್ಲಿ ಸಕ್ಕರೆ ಬೆಲೆ ಬಿದ್ದು ಬಾಕಿ ಏರಿದಾಗ ಈ ಜಿಲ್ಲೆಯಲ್ಲಿ ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡರು. ಆಗಲೂ ಮುಖಂಡರು ಮನೆಗೆ ಬಂದರು, ಪರಿಹಾರದ ಚೆಕ್ ಕೊಟ್ಟರು. ಆ ಚೆಕ್ಕಿಗೂ ನಾವು ಋಣಿಗಳಾದೆವು.

2024ರದ್ದೂ ಹೇಳಬೇಕು, ಯಾಕೆಂದರೆ ಅದು ಎಲ್ಲರಿಗೂ ಗೊಂದಲ ಮಾಡಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಪುಕ್ಕಟೆ. ಆಮೇಲೆ ಗೃಹಜ್ಯೋತಿ, ಗೃಹಲಕ್ಷ್ಮಿಯ 2,000 ರೂಪಾಯಿ. ಮರುವರ್ಷ ಮಂಡ್ಯದಲ್ಲಿ ಅದನ್ನು ಕೊಟ್ಟ ಕಾಂಗ್ರೆಸ್ ಪಕ್ಷ ದೊಡ್ಡ ಅಂತರದಲ್ಲಿ ಸೋತಿತು. 'ತಿಂದ ಮನೆಗೆ' ಅಂತ ಶುರು ಮಾಡಿ ಕೆಲವರು ಜನರನ್ನು ಬೈದರು. ನನಗೆ ಅದು ಬೇರೆ ಥರ ಕಾಣುತ್ತದೆ. ಬಸ್ಸು ಹತ್ತಲು ಯಾರ ಲೆಟರೂ ಬೇಕಾಗಲಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಯಾರ ಮನೆ ಮುಂದೆಯೂ ನಿಲ್ಲಲಿಲ್ಲ, ಯಾರಿಗೂ ಕೈ ಮುಗಿಯಲಿಲ್ಲ. ಮುಗಿಯದ ಮೇಲೆ ಋಣ ಎಲ್ಲಿಂದ ಬರಬೇಕು? ಸರ್ಕಾರದ ದುಡ್ಡು ಅಂದರೆ ನಮ್ಮ ತೆರಿಗೆ ದುಡ್ಡು, ಬಂತು, ಅಷ್ಟೇ. ಓಟು ಕೈಯಲ್ಲೇ ಉಳಿಯಿತು. ಅದನ್ನು ಅವರು ತಮಗೆ ಬೇಕಾದ ಕಡೆ ಹಾಕಿದರು. ನಮ್ಮ ಕಡೆಯವರೊಬ್ಬರು ದಿಲ್ಲಿಯಲ್ಲಿ ಮಂತ್ರಿ ಆಗಲಿ ಅನ್ನುವ ಹೆಮ್ಮೆಗೆ ಬಹಳ ಜನ ಹಾಕಿದರು.

ಹೆಮ್ಮೆಗೆ ಓಟು ಹಾಕುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ನಿಜ ಹೇಳುತ್ತೇನೆ. 2019ರಲ್ಲೂ ಅದೇ ಆಗಿತ್ತು. ಗಂಡನನ್ನು ಕಳೆದುಕೊಂಡಿದ್ದ ಸುಮಲತಾ ಅವರ ಬಗ್ಗೆ ಕೆಲವು ಮುಖಂಡರು ಹಗುರವಾಗಿ ಮಾತಾಡಿದರು, ನಮ್ಮ ಹೆಂಗಸರಿಗೆ ರೇಗಿತು. ಆ ಸಿಟ್ಟಿಗೆ ಮರ್ಯಾದೆ ಇದೆ, ಆದರೆ ಅದರಿಂದ ಕಬ್ಬಿನ ಬಾಕಿ ಬರಲಿಲ್ಲ. ಏನೇ ಆಗಲಿ, ಯಾರಿಗೂ ಕೈ ಮುಗಿಯದೆ ಹಾಕಿದ ಓಟು ಅದು. ಹೆಮ್ಮೆಗೆ ಹಾಕಿದ ಜನ ಮುಂದಿನ ಸಲ ಬಾಕಿಗೆ ಹಾಕಬಹುದು. ಪೌತಿ ಖಾತೆಗೆ ಕಟ್ಟಿಹಾಕಿಕೊಂಡ ಓಟು ಎಲ್ಲಿಗೂ ಹೋಗುವ ಹಾಗಿಲ್ಲ.

ಮಾನ್ಯರೇ, ತಮಗೇ ಬರೆದದ್ದು ಯಾಕೆ ಅಂದರೆ ಎರಡು ಟೋಪಿಯೂ ತಮ್ಮ ತಲೆ ಮೇಲಿದೆ. ಚುನಾವಣೆ ನಡೆಸುವವರೂ ತಾವೇ, ನಾಡಕಚೇರಿಯಿಂದ ಹಿಡಿದು ಕಂದಾಯ ಇಲಾಖೆಯ ಅಷ್ಟೂ ಟೇಬಲ್ಲು ಬರುವುದೂ ತಮ್ಮ ಕೆಳಗೇ. ಜಿಲ್ಲೆಯಲ್ಲಿ ಇನ್ಯಾರಿಗೂ ಇದು ಇಲ್ಲ.

ಪೌತಿ ಖಾತೆ ಆಂದೋಲನ, ಪಿಂಚಣಿ ಅದಾಲತ್ ಆಗಾಗ ನಡೆಯುತ್ತವೆ. ನಡೆದ ವಾರ ಬಹಳ ಕೆಲಸ ಆಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಅಂದರೆ ಮಾಡಲು ಬರುತ್ತದೆ ಅಂತಾಯಿತು. ಅದನ್ನು ಪ್ರತಿ ಹೋಬಳಿಯಲ್ಲಿ ತಿಂಗಳಿಗೊಂದು ದಿನ ಖಾಯಂ ಮಾಡಿ. ಬಾಕಿ ಅರ್ಜಿಗಳ ಪಟ್ಟಿಯನ್ನು ಬಂದ ತಾರೀಖಿನ ಪ್ರಕಾರ ಗೋಡೆ ಮೇಲೆ ಅಂಟಿಸಿ. ಯಾರ ಅರ್ಜಿ ಯಾರನ್ನು ದಾಟಿ ಮುಂದೆ ಹೋಯಿತು ಅಂತ ಎಲ್ಲರಿಗೂ ಕಾಣಲಿ. ಶಿಫಾರಸು ಪತ್ರ ಬಂದ ಫೈಲಿಗೆ ಅದರ ಪ್ರತಿಯೂ ಪಟ್ಟಿಯ ಪಕ್ಕ ಅಂಟಲಿ. ನಾಚಿಕೆಯಾದವರು ಬರೆಯುವುದು ಬಿಡುತ್ತಾರೆ. ಸಕಾಲದ ಪರಿಹಾರವನ್ನು ಅರ್ಜಿದಾರ ಕೇಳುವ ತನಕ ಕಾಯದೆ ತಾನಾಗಿ ಅವನ ಖಾತೆಗೆ ಹಾಕಲು ಆಗುತ್ತದಾ ಅಂತ ಸರ್ಕಾರಕ್ಕೆ ಬರೆಯಿರಿ. ಕೇಳುವವನ ಹೆಸರೇ ಬೇಡವಾದರೆ ಹೆದರಿಕೆ ಇರುವುದಿಲ್ಲ.

ಟೋಟಲೈಸರ್ ಬಗ್ಗೆಯೂ ಒಂದು ಸಾಲು ಆಯೋಗಕ್ಕೆ ಬರೆಯಿರಿ. ಜಿಲ್ಲೆಯಲ್ಲಿ ಎಣಿಕೆಯ ಉಸ್ತುವಾರಿ ನೋಡುವವರು ಬರೆದರೆ ಅದಕ್ಕೆ ತೂಕ ಇರುತ್ತದೆ. ಅಷ್ಟರವರೆಗೆ ಬ್ಯಾನರಿನಲ್ಲಿ ಮತ ಗೌಪ್ಯ ಅಂತ ಬರೆಯುವಾಗ ಕೆಳಗೆ ಸಣ್ಣ ಅಕ್ಷರದಲ್ಲಾದರೂ 'ಊರಿನದ್ದು ಅಲ್ಲ' ಅಂತ ಸೇರಿಸಿ.

ಬೀದಿನಾಟಕ ನಿಲ್ಲಿಸಿ ಅನ್ನುವುದಿಲ್ಲ, ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತದೆ. ಕಥೆ ಬದಲಾಯಿಸಿ. ಪೆದ್ದನ ಪಾತ್ರಕ್ಕೆ ಮುಂದಿನ ಸಲ ಪಂಚೆಯವನು ಬೇಡ. ಟೇಬಲ್ಲಿನ ಹಿಂದೆ ಕೂತು 'ನಾಳೆ ಬಾ' ಅನ್ನುವವನನ್ನು ತೋರಿಸಿ. ತಾಲ್ಲೂಕು ಕಚೇರಿ ಆವರಣದಲ್ಲೇ ಆಡಿಸಿದರೆ ಜನ ಸೇರುವುದು ಗ್ಯಾರಂಟಿ, ಹೇಗಿದ್ದರೂ ಅಲ್ಲಿ ದಿನಾ ಕಾದು ನಿಂತಿರುತ್ತಾರೆ.

ತಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿ ಎದುರಿನ ಅರ್ಜಿ ಬರೆಯುವವನು
ಮಂಡ್ಯ ಜಿಲ್ಲೆ